ಕೆಂಪು ಕಣದ ಕಬ್ಬಿಣ ನೀಲಿ ಆಗಲಿಲ್ಲ, ಯಾಕೆ?

ಪ್ರಶ್ನೆ: ಇವತ್ತು ಪ್ರಾಕ್ಟಿಕಲ್‌ನಲ್ಲಿ ಇಲಿಯ ಗುಲ್ಮದ ಸ್ಲೈಡಿಗೆ ಕಬ್ಬಿಣವನ್ನು ನೀಲಿಯಾಗಿ ತೋರಿಸುವ ಪರ್ಲ್ಸ್ ಬಣ್ಣ ಹಾಕಿದೆ. ಮ್ಯಾಕ್ರೋಫೇಜ್‌ಗಳ (ಹಳೆಯ ಕಣಗಳನ್ನು ನುಂಗುವ ಜೀವಕೋಶಗಳ) ಒಳಗೆ ಕಡುನೀಲಿ ಚುಕ್ಕಿಗಳು! ನೋಡುತ್ತಾ ಕೂತುಬಿಟ್ಟೆ. ಆದರೆ ಪಕ್ಕದಲ್ಲೇ ಇದ್ದ ಕೆಂಪು ರಕ್ತಕಣಗಳು ನೀಲಿ ಆಗಲೇ ಇಲ್ಲ. ಕಬ್ಬಿಣ ಜಾಸ್ತಿ ಇರುವುದು ಅವುಗಳಲ್ಲೇ ಅಲ್ವಾ?

ಉತ್ತರ 1: ಹೌದು, ಅಲ್ಲೇ ಜಾಸ್ತಿ. ಮನುಷ್ಯರ ಒಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಒಂದೊಂದರಲ್ಲೂ 4 ಕಬ್ಬಿಣದ ಪರಮಾಣು. ಲೆಕ್ಕ ಹಾಕಿ, ನೂರು ಕೋಟಿ ದಾಟುತ್ತದೆ. ಆದರೆ ಹಿಮೋಗ್ಲೋಬಿನ್ ಒಳಗೆ ಕಬ್ಬಿಣ ಕೂರುವ ಭಾಗವಾದ ಹೀಮ್ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಪರ್ಲ್ಸ್‌ನ ಆಸಿಡ್‌ಗೆ ಬಿಟ್ಟುಕೊಡುವುದಿಲ್ಲ.

ಉತ್ತರ 2: ನೀವು ಕಂಡ ನೀಲಿ ಹೆಚ್ಚಾಗಿ ಹೀಮೋಸಿಡೆರಿನ್. ಮ್ಯಾಕ್ರೋಫೇಜ್‌ಗಳು ಹಳೆಯ ಕೆಂಪು ಕಣಗಳನ್ನು ನುಂಗಿ ಉಳಿಸಿಕೊಂಡ ಕಬ್ಬಿಣ ಅದು. ಫೆರಿಟಿನ್ ಎಂಬ ಪ್ರೋಟೀನ್ ಇನ್ನೊಂದು ಗೋದಾಮು, ಒಂದು ಅಣುವಿನಲ್ಲೇ 4500 ಕಬ್ಬಿಣದ ಪರಮಾಣುವರೆಗೆ ಹಿಡಿಸುತ್ತದೆ. ಲಿವರ್ ಜೀವಕೋಶಗಳಲ್ಲೂ ಇದು ತುಂಬಾ ಇದೆ.

ಪ್ರಶ್ನೆ ಕೇಳಿದವರು: ಈಗ ಅರ್ಥವಾಯಿತು! ನಾಳೆ ಲಿವರ್ ಸ್ಲೈಡನ್ನೂ ಹಾಕಿ ನೋಡುತ್ತೇನೆ.