ಮಹಡಿಯ ಲ್ಯಾಪ್‌ಟಾಪ್‌ನಲ್ಲಿರುವ ಫೋಲ್ಡರ್ ಕೆಳಗಿನ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಂಗಡಿಯ ಲೆಕ್ಕದ ಕಡತಗಳು ಮಹಡಿಯ ಮೇಲಿರುವ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿದ್ದು, ಅವುಗಳನ್ನು ಕೆಳಗಿನ ಕೋಣೆಯಲ್ಲಿರುವ ತಂದೆಯವರ ವಿಂಡೋಸ್ 10 ಕಂಪ್ಯೂಟರಿನಲ್ಲಿಯೂ ತೆರೆಯುವಂತಾಗಬೇಕಿದೆ. ಫೋಲ್ಡರನ್ನು ಶೇರ್ ಮಾಡಿದ್ದೇನೆ, ಆದರೆ ಕೆಳಗಿನಿಂದ ಪ್ರಯತ್ನಿಸಿದಾಗ ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಒಮ್ಮೆ ಲ್ಯಾಪ್‌ಟಾಪನ್ನೇ ಕೆಳಗೆ ತಂದು ಅಲ್ಲಿನ ವೈಫೈಗೆ ಸೇರಿಸಿದ್ದಾಗ ಮಾತ್ರ ಹೆಸರು, ಪಾಸ್‌ವರ್ಡ್ ಕೇಳಿತು; ದಿನವೂ ಬಳಸುವ ಪಿನ್ ಕೊಟ್ಟರೆ ಒಪ್ಪಲಿಲ್ಲ. ಫೈರ್‌ವಾಲ್ ಪೂರ್ತಿ ನಿಲ್ಲಿಸಿ, ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಕಡತ ಹಂಚಿಕೊಳ್ಳುವ ಹಳೆಯ ವಿಧಾನ) ಸೇರಿಸಿಕೊಳ್ಳಿ ಎಂದು ಸ್ನೇಹಿತರೊಬ್ಬರು ಹೇಳಿದ್ದಾರೆ. ಮಾಡಬಹುದೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. 2017ರ ಮೇ ತಿಂಗಳಿನಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಎಸ್‌ಎಂಬಿ 1ರ ದೋಷವೊಂದರ ಮೂಲಕವೇ. ಅದೇ ವರ್ಷದ ಕೊನೆಯ ಭಾಗದಿಂದ ಬಂದ ವಿಂಡೋಸ್ 10ರ ಹೊಸ ಅನುಸ್ಥಾಪನೆಗಳಲ್ಲಿ ಅದು ತಾನಾಗಿ ಬರುವುದಿಲ್ಲ. ನಿಮ್ಮ ಎರಡೂ ಯಂತ್ರಗಳು ಎಸ್‌ಎಂಬಿ 3ರಲ್ಲಿ ಮಾತನಾಡಬಲ್ಲವಾದ್ದರಿಂದ ಹಳೆಯದರ ಅಗತ್ಯವೂ ಇಲ್ಲ.

ಲ್ಯಾಪ್‌ಟಾಪ್ ಕೆಳಗೆ ಬಂದಾಗ ಪಾಸ್‌ವರ್ಡ್ ಕೇಳುವ ಹಂತದವರೆಗೆ ಹೋಯಿತು ಎಂದು ನೀವು ಬರೆದಿರುವುದೇ ಇಲ್ಲಿ ಮುಖ್ಯವಾದ ಸುಳಿವು. ಮಹಡಿಯಲ್ಲಿ ಬೇರೊಂದು ರೌಟರ್ ಇದೆಯೇ? ಎರಡೂ ಯಂತ್ರಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಆದೇಶ ಕೊಟ್ಟು, ಐಪಿವಿ4 ವಿಳಾಸಗಳನ್ನು ತಿಳಿಸಿ.

ಪ್ರಶ್ನೆ: ಹೌದು ಸರ್. ಫೈಬರ್ ಸಂಪರ್ಕದವರು ಕೊಟ್ಟ ರೌಟರ್ ಕೆಳಗಿದೆ. ಮಹಡಿಗೆ ಸಿಗ್ನಲ್ ಬಾರದ ಕಾರಣ ಅದರಿಂದ ಕೇಬಲ್ ಎಳೆದು ನಾವೇ ಕೊಂಡ ಇನ್ನೊಂದನ್ನು ಮೇಲೆ ಹಾಕಿದ್ದೇವೆ. ಕೆಳಗಿನದರ ವಿಳಾಸ 192.168.1.4, ಮೇಲಿನದು 192.168.0.102.

ಉತ್ತರ: ವಿಳಾಸಗಳ ಮೂರನೆಯ ಭಾಗ ಒಂದರಲ್ಲಿ 1, ಇನ್ನೊಂದರಲ್ಲಿ 0 ಇದೆ; ಹಾಗಾದರೆ ನಿಮ್ಮ ಮನೆಯಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್‌ಗಳಿವೆ. ಮಹಡಿಯ ರೌಟರ್ ತನ್ನ ಹಿಂದಿರುವ ಯಂತ್ರಗಳನ್ನು ಕೆಳಗಿನಿಂದ ಮರೆಮಾಡುತ್ತದೆ. ಮೇಲಿನಿಂದ ಇಂಟರ್‌ನೆಟ್ಟಿಗೆ ಹೋಗುವ ಸಂಪರ್ಕ ಸರಾಗವಾಗಿರುವುದರಿಂದ ಈ ಗೋಡೆ ಯಾರ ಗಮನಕ್ಕೂ ಬರುವುದಿಲ್ಲ. ರೌಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಹರಡುವ ಬಗೆ) ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದಲ್ಲಿ ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದಕ್ಕೆ 192.168.1 ಸಾಲಿನಲ್ಲಿ ಬೇರಾರಿಗೂ ಸಿಗದ ಒಂದು ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ (ಇಂಟರ್‌ನೆಟ್ ಬರುವ) ಕಿಂಡಿಯಿಂದ ಲ್ಯಾನ್ (ಮನೆಯ ಯಂತ್ರಗಳನ್ನು ಸೇರಿಸುವ) ಕಿಂಡಿಗೆ ಬದಲಾಯಿಸಿದರೂ ಅದೇ ಫಲ.

ಇದಾದ ಮೇಲೆ ಲ್ಯಾಪ್‌ಟಾಪ್ ಇದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್ ಎಂದು ಗುರುತಿಸಿಕೊಳ್ಳುವ ಸಂಭವವಿದೆ. ಹಾಗಾದರೆ ಫೈರ್‌ವಾಲ್ ಹೊರಗಿನಿಂದ ಬರುವ ಕೋರಿಕೆಯನ್ನು ತಡೆಯುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ ಎಂದು ಬದಲಾಯಿಸಿ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಚಾಲನೆಯಲ್ಲಿದೆಯೇ ಎಂದು ನೋಡಿ.

ಇನ್ನು ಪಿನ್ ವಿಷಯ: ಅದು ಆ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ ಸಲ್ಲುತ್ತದೆ, ನೆಟ್‌ವರ್ಕ್ ಮೂಲಕ ನಡೆಯುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನೂ ವಿಂಡೋಸ್ ಸಾಮಾನ್ಯವಾಗಿ ಹೊರಗಿನಿಂದ ಬಿಟ್ಟುಕೊಳ್ಳುವುದಿಲ್ಲ. ತಂದೆಯವರಿಗಾಗಿ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಸ್ಥಳೀಯ ಖಾತೆ ತೆರೆದು, ಫೋಲ್ಡರಿನ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್‌ಗಳಲ್ಲಿ ಆ ಖಾತೆಗೆ ಅನುಮತಿ ಕೊಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯಿಸುವುದರಿಂದ, ಒಂದರಲ್ಲಿ ಮಾತ್ರ ಕೊಟ್ಟು ಕಂಗಾಲಾಗುವವರೇ ಹೆಚ್ಚು.

ಪ್ರಶ್ನೆ: ಧನ್ಯವಾದಗಳು ಸರ್, ಫೋಲ್ಡರ್ ತೆರೆಯಿತು. ಆದರೆ ನಿನ್ನೆ ಕರೆಂಟ್ ಹೋಗಿ ಬಂದ ನಂತರ ಲ್ಯಾಪ್‌ಟಾಪ್‌ನ ವಿಳಾಸ ಬದಲಾಗಿ, ತಂದೆಯವರ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದ ಶಾರ್ಟ್‌ಕಟ್ ಕೆಲಸ ಮಾಡುತ್ತಿಲ್ಲ.

ಉತ್ತರ: ಶಾರ್ಟ್‌ಕಟ್‌ನಲ್ಲಿ ಅಂಕಿಯ ವಿಳಾಸದ ಬದಲು ಲ್ಯಾಪ್‌ಟಾಪ್‌ನ ಹೆಸರನ್ನು ಬಳಸಿ. ಹೆಸರಿನಿಂದ ಸಿಗದಿದ್ದರೆ, ಕೆಳಗಿನ ರೌಟರಿನ ಡಿಎಚ್‌ಸಿಪಿ ಪುಟದಲ್ಲಿ ಲ್ಯಾಪ್‌ಟಾಪ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಿ, ಶಾರ್ಟ್‌ಕಟ್‌ನಲ್ಲಿ ಅದನ್ನೇ ಕೊಡಿ.