ಅಪ್‌ಡೇಟ್: ಕಾರಿನ ಐಡ್ಲಿಂಗ್ ಏರಿಳಿತಕ್ಕೆ ಕಾರಣ ಸಿಕ್ಕಿತು

ಕಳೆದ ವಾರ ಕೇಳಿದ್ದೆನಲ್ಲ, ಅಪ್ಪನ ಕಾಲದ ಎಂಪಿಎಫ್‌ಐ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ) ಕಾರು, ಬಿಸಿಯಾದ ಮೇಲೆ ನಿಂತಲ್ಲೇ, ಆಕ್ಸಿಲರೇಟರ್ ಒತ್ತದಿದ್ದರೂ (ಅದೇ ಐಡ್ಲಿಂಗ್), ಎಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳು 800ರಿಂದ 1,800ಕ್ಕೆ ಹಾರುತ್ತದೆ, ಬೀಳುತ್ತದೆ, ಮತ್ತೆ ಹಾರುತ್ತದೆ ಎಂದು.

ಸ್ಪಾರ್ಕ್ ಪ್ಲಗ್ ಬದಲಿಸಿದ್ದು ದಂಡವಾಯಿತು. ಎಂಜಿನ್‌ಗೆ ಗಾಳಿ ಬಿಡುವ ಕವಾಟವಿರುವ ಥ್ರಾಟಲ್ ಬಾಡಿ ತೊಳೆದಾಗ ಬೊಗಸೆ ಮಸಿ ಬಂತು. ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನೇ ಬದಲಿಸಿ ಎಂದವರ ಮಾತು ಕೇಳದಿದ್ದದ್ದು ಪುಣ್ಯ.

ಗೆದ್ದದ್ದು ‘ಗಾಳಿ ಎಲ್ಲೋ ಕದ್ದು ಒಳಗೆ ಹೋಗುತ್ತಿದೆ’ ಎಂದವರು. ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿ ಹಿಡಿದು, ಇಗ್ನಿಷನ್ ತಂತಿಗಳಿಗೆ ತಾಗದಂತೆ ಒಂದೊಂದೇ ಹೋಸ್‌ಗೆ ನೀರು ಚಿಮುಕಿಸಿದೆ. ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಗಾಳಿದಾರಿಗೆ ಒಯ್ಯುವ ಪಿಸಿವಿ ಹೋಸ್‌ನ ಬುಡಕ್ಕೆ ಬಿದ್ದದ್ದೇ ತಡ, ಸುರ್ರೆಂದು ಹೀರಿಕೊಂಡು ಎಂಜಿನ್ ಸದ್ದೇ ಬದಲಾಯಿತು. ಬಿಚ್ಚಿ ಬಗ್ಗಿಸಿದರೆ ಅಡಿಯಲ್ಲಿ ಉಗುರಿನುದ್ದದ ಸೀಳು. ಮೇಲಿನಿಂದ ನೋಡಿದಾಗ ಏನೇನೂ ಕಾಣುತ್ತಿರಲಿಲ್ಲ.

ಮುಳ್ಳು ಕುಣಿಯುತ್ತಿದ್ದುದರ ಗುಟ್ಟು ಈಗ ತಿಳಿಯಿತು. ಕದ್ದ ಗಾಳಿಯಿಂದ ವೇಗ ಏರುತ್ತದೆ. ಥ್ರಾಟಲ್ ಮುಚ್ಚಿರುವುದರಿಂದ ಗಾಡಿ ಘಾಟಿ ಇಳಿಯುತ್ತಿದೆ ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬಿದ್ದೊಡನೆ ಮತ್ತೆ ಕೊಡುತ್ತದೆ. ಪಾಪ, ಅದರ ತಪ್ಪೇನೂ ಇಲ್ಲ!

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ 180 ರೂಪಾಯಿಗೆ ಹೊಸ ಹೋಸ್ ಸಿಕ್ಕಿತು. ನಡುವೆ ಯಾರೋ ತಿರುಗಿಸಿದ್ದ ಐಡಲ್ ಸ್ಕ್ರೂವನ್ನೂ (ಐಡ್ಲಿಂಗ್ ವೇಗ ಹೊಂದಿಸುವ ತಿರುಪು) ಮೊದಲಿನಂತೆ ಹೊಂದಿಸಬೇಕಾಯಿತು. ಭಾನುವಾರ ಮುಳ್ಳಯ್ಯನಗಿರಿಗೆ ಹೊರಟು, ಕೈಮರದ ಚೆಕ್‌ಪೋಸ್ಟ್ ಸಾಲಿನಲ್ಲಿ ಅರ್ಧ ಗಂಟೆ ನಿಂತೆ. ಮುಳ್ಳು 850ರಿಂದ ಅಲುಗಲಿಲ್ಲ.