ಒಂದೇ ಹೊಳ್ಳೆ ಐದು ತಿಂಗಳಿಂದ ಕಟ್ಟಿದೆ: ಬರೀ ಸೈನಸ್ ತೊಂದರೆಯೇ?

ಪ್ರಶ್ನೆ, ದಾವಣಗೆರೆಯಿಂದ:
ಇಪ್ಪತ್ತೈದು ವರ್ಷಗಳಿಂದ ಬಡಗಿ ಕೆಲಸ ಮಾಡುತ್ತಿರುವ ನಮ್ಮಣ್ಣನಿಗೆ ಬಲಗಡೆಯ ಹೊಳ್ಳೆ ಮಾತ್ರ ಕಟ್ಟಿಕೊಂಡಿದ್ದು, ಬೆಳಿಗ್ಗೆ ಮೂಗು ಸೀಟಿದಾಗ ಟವೆಲ್ಲಿನ ಮೇಲೆ ತೆಳುವಾದ ರಕ್ತದ ಗೆರೆ ಕಾಣಿಸುತ್ತದೆ. ಸೈನಸ್ ಎಂದು ಮೂರು ಸಲ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಕ್ಯಾನ್ಸರ್ ಆಗಿದ್ದರೆ ಇಷ್ಟರಲ್ಲಿ ಗೊತ್ತಾಗುತ್ತಿರಲಿಲ್ಲವೇ?

ಉತ್ತರ 1:
ಬೇಗ ಗೊತ್ತಾಗದಿರುವುದೇ ಈ ರೋಗದ ಕಷ್ಟ. ಕೆನ್ನೆಯ ಹಿಂದಿನ ಸೈನಸ್ ಗಾಳಿ ತುಂಬಿದ ಟೊಳ್ಳು ಜಾಗವಾದ್ದರಿಂದ ಗೆಡ್ಡೆಯು ಅಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಅದು ಮೂಳೆಯ ಗೋಡೆ ದಾಟಿದ ಮೇಲೆ ಕೆನ್ನೆ ಜೋಮು ಹಿಡಿಯುವುದು, ಮೇಲಿನ ಹಲ್ಲು ಅಲುಗಾಡುವುದು, ಕಣ್ಣುಗುಡ್ಡೆ ಮುಂದೆ ಬರುವುದು ಶುರುವಾಗುತ್ತದೆ. ವೈದ್ಯರನ್ನೂ ಪೂರ್ತಿ ದೂರುವಂತಿಲ್ಲ, ಏಕೆಂದರೆ ದಿನವೂ ಬರುವ ನೆಗಡಿ, ಅಲರ್ಜಿಗಳ ನಡುವೆ ಇಂಥದ್ದು ತೀರಾ ಅಪರೂಪ. ಆದರೆ ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಕಾಡುತ್ತದೆ. ಒಂದೇ ಕಡೆ, ಅದೂ ರಕ್ತದೊಂದಿಗೆ, ಔಷಧಿಗೆ ಬಗ್ಗದೆ ಉಳಿದಿದ್ದರೆ ನಾಲ್ಕನೇ ಸಲ ಬರೀ ಮಾತ್ರೆ ನುಂಗಿ ಕಾಯಬೇಡಿ.

ಉತ್ತರ 2, ಚಿತ್ರದುರ್ಗದಿಂದ:
ಬಡಗಿ ಕೆಲಸದ ವಿಷಯವನ್ನು ವೈದ್ಯರಿಗೆ ಹೇಳಿದ್ದೀರಾ? ಅವರು ಕೇಳದಿದ್ದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು 1995ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಉತ್ತರ 3:
ಎಕ್ಸ್‌ರೇಯನ್ನು ನೆಚ್ಚಬೇಡಿ, ಅದರಲ್ಲಿ ಕೀವೂ ಗೆಡ್ಡೆಯೂ ಒಂದೇ ರೀತಿ ಮಬ್ಬಾಗಿ ಕಾಣಬಹುದು. ಮೂಗಿನ ಎಂಡೋಸ್ಕೋಪಿ (ಕ್ಯಾಮೆರಾ ಇರುವ ತೆಳು ಕೊಳವೆಯಿಂದ ಒಳಗೆ ನೋಡುವುದು), ಸಿಟಿ ಸ್ಕ್ಯಾನ್ ಆದ ಮೇಲೆ ಅನುಮಾನ ಉಳಿದರೆ ಬಯಾಪ್ಸಿಯೇ, ಅಂದರೆ ಅಲ್ಲಿನ ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆಯೇ, ಖಚಿತ ಉತ್ತರ ಕೊಡುತ್ತದೆ.

ಪ್ರಶ್ನೆ ಕೇಳಿದವರು:
ಧೂಳಿನ ಮಾತನ್ನು ನಾವು ಯಾರಿಗೂ ಹೇಳಿರಲಿಲ್ಲ. ಸೋಮವಾರ ಎಂಡೋಸ್ಕೋಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ.